ಅಪ್ಪನ ಕೈಗೆ ಎತ್ತರವಾದ ಕುರ್ಚಿ

ಕೊಪ್ಪಳದ ಬಜಾರದಲ್ಲಿ ಕ್ಷೌರದ ಅಂಗಡಿ ಇಡಬೇಕೆಂಬ ಆಸೆ ನನ್ನದಲ್ಲ, ಅಪ್ಪನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಬಳಗದವರು ಇವತ್ತಿಗೂ, ಮಗ ತಂದೆಯನ್ನು ಹಳ್ಳಿಯಿಂದ ಕಿತ್ತುಕೊಂಡು ಹೋದ ಎನ್ನುತ್ತಾರೆ. ಅನ್ನುವವರು ಅನ್ನಲಿ. ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ.

ಆಗಿನ್ನೂ ನಿಜಾಮರ ಕಾಲ. ನಾವು ಹಿಟ್ನಾಳದ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ಊರಿನ ಒಕ್ಕಲು ಮನೆಗಳನ್ನು ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಹೊಲ ಹಂಚಿಕೊಂಡ ಹಾಗೆ ಹಂಚಿಕೊಂಡಿದ್ದರು. ವರ್ಷವಿಡೀ ಆ ಮನೆಗಳ ಗಂಡಸರ ತಲೆ, ಗಡ್ಡ ನೋಡಿಕೊಳ್ಳಬೇಕು. ಸುಗ್ಗಿ ಬಂದಾಗ ಕಣಕ್ಕೆ ಹೋಗಿ ಆಯದ ಜೋಳ ತರಬೇಕು. ಕೈಗೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಕತ್ತಿ, ಕತ್ತರಿ, ನೀರಿನ ಬಟ್ಟಲು ತುಂಬಿದ ಹಡಪವನ್ನು ಬಗಲಿಗೆ ಹಾಕಿಕೊಂಡು ಅಪ್ಪ ಬೆಳಗಾಗುತ್ತಲೇ ಹೊರಡುತ್ತಿದ್ದ. ಯಾರಾದರೂ ಮಲಗಿದ್ದರೆ ಅವರು ಏಳುವ ತನಕ ಅಂಗಳದಲ್ಲಿ ಕಾಯುತ್ತಿದ್ದ.

ಒಂದು ಸುಗ್ಗಿಯಲ್ಲಿ ಯಾರದೋ ಕಣದಲ್ಲಿ ಹೊತ್ತು ಮುಳುಗುವ ತನಕ ಕೂತು, ಜೊಳ್ಳು ಬೆರೆತ ಜೋಳ ತಂದು ಅವ್ವನ ಮುಂದೆ ಸುರಿದ.

"ಇನ್ನ ನಾ ಯಾರ ಬಾಗಿಲಕ್ಕೂ ಹೋಗಂಗಿಲ್ಲ. ಕೊಪ್ಪಳದಾಗ ಅಂಗಡಿ ಇಡ್ತೀನಿ. ಬೇಕಾದಾಂವ ನನ್ನ ಬಾಗಿಲಕ್ಕ ಬರ್ಲಿ," ಎಂದ.

"ಮತ್ತ ನಮ್ಮ ಮನಿಗೋಳು?" ಎಂದು ಅವ್ವ ಕೇಳಿದಳು.

"ತಮ್ಮಗ ಬಿಟ್ಟುಕೊಡ್ತೀನಿ."

ಕಾಕಾ ಪುಕ್ಕಟೆ ತೆಗೆದುಕೊಳ್ಳಲಿಲ್ಲ. ಹಾಲು ಕೊಡುತ್ತಿದ್ದ ಎಮ್ಮೆಯನ್ನೇ ಮಾರಿ ಆ ರೊಕ್ಕವನ್ನು ಅಪ್ಪನ ಕೈಗಿಟ್ಟ. ಪಂಚರ ಎದುರು ಎಲೆ ಅಡಿಕೆ ಹಂಚಿದ್ದಾಯಿತು. ಅಪ್ಪನ ಪಾಲಿನ ಮನೆಗಳೆಲ್ಲ ಅವತ್ತಿನಿಂದ ಕಾಕಾನವು.

ಎಮ್ಮೆಯ ರೊಕ್ಕ ಎಷ್ಟು ದಿನ ಬಂದೀತು? ಅದರಲ್ಲಿ ಅರ್ಧ, ಅಂಗಡಿಯ ಮುಂಗಡಕ್ಕೇ ಹೋಯಿತು. ಮಾಲೀಕರು ಅತ್ತರು ಮಾರುವ ಸಾಹೇಬರು, ಮಾತು ಸಕ್ಕರೆ, ಬಾಡಿಗೆಯಲ್ಲಿ ಮಾತ್ರ ಕಾಸೂ ಬಿಡುತ್ತಿರಲಿಲ್ಲ. ದೊಡ್ಡ ಕನ್ನಡಿಗಾಗಿ ನಾನು ಗದಗಿಗೆ ಹೋದೆ. ಅದು ಇಂಗ್ಲಿಷರ ಸೀಮೆ. ನಮ್ಮ ನಿಜಾಮಿ ರೂಪಾಯಿಗೆ ಅಲ್ಲಿ ಬೆಲೆ ಕಡಿಮೆ, ವಟ್ಟ ಹಿಡಿದರು. ತಿರುಗಿ ಬರುವಾಗ ಗಡಿಯ ನಾಕೆಯಲ್ಲಿ ನಮ್ಮವರೇ ಸುಂಕ ಕಿತ್ತರು. ರೈಲಿನಲ್ಲಿ ಆ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅದರಲ್ಲಿ ನನ್ನದೇ ಮುಖ, ಬಾಡಿಹೋಗಿತ್ತು. ಈ ಉಸಾಬರಿ ಯಾರಿಗೆ ಬೇಕಾಗಿತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕೊನೆಗೆ ಕುರ್ಚಿ. ಸಾಗುವಾನಿಯದು, ಕೈಯಿಟ್ಟುಕೊಳ್ಳಲು, ತಲೆ ಆನಿಸಲು ಎಲ್ಲಾ ಇದ್ದದ್ದು. ಅದಕ್ಕೆ ಅವ್ವನ ಕಾಲಿನ ಬೆಳ್ಳಿಯ ಕಡಗಗಳು ಹೋದವು. ಅವ್ವ ತಾನೇ ಬಿಚ್ಚಿಕೊಟ್ಟಳು.

ಅಂಗಡಿ ತೆರೆದ ದಿನವೇ ನಮಗೆ ಗೊತ್ತಾಯಿತು. ಅಪ್ಪನಿಗೆ ನಿಂತು ಕ್ಷೌರ ಮಾಡಲು ಬರುತ್ತಿರಲಿಲ್ಲ.

ಹಳ್ಳಿಯಲ್ಲಿ ಗಿರಾಕಿ ನೆಲದ ಮೇಲೆ ಕೂರುತ್ತಾನೆ, ಅಪ್ಪ ಎದುರಿಗೆ ಕುಕ್ಕರುಗಾಲಲ್ಲಿ. ಗಿರಾಕಿಯ ತಲೆ ಅಪ್ಪನ ಎಡಮೊಣಕಾಲಿಗೆ ಆನಿಕೊಂಡಿರುತ್ತದೆ, ಕತ್ತಿ ಹಿಡಿದ ಕೈಯ ಮೊಣಕೈ ಬಲತೊಡೆಯ ಮೇಲೆ. ಚಿಕ್ಕಂದಿನಿಂದ ಕಲಿತದ್ದು ಹಾಗೆ. ನಿಂತರೆ ಮೊಣಕೈಗೆ ಆಸರೆ ಇಲ್ಲ, ಕೈ ನಡುಗುತ್ತದೆ. ಇದು ಅಪ್ಪನಿಗಾಗಲಿ ಕಾಕಾನಿಗಾಗಲಿ ಪಂಚರಿಗಾಗಲಿ, ಯಾರಿಗೂ ಹೊಳೆದಿರಲಿಲ್ಲ. ಮೊದಲ ಗಿರಾಕಿ ಕಚೇರಿಯ ಮುನ್ಷಿ. ಗದ್ದದ ಕೆಳಗೆ ರಕ್ತ ಬಂತು.

"ಏನಪಾ, ಕುರಿ ಕೊಯ್ಯಾಕ ನಿಂತೀಯೇನು?" ಎಂದು ಮುನ್ಷಿ ಸಿಡುಕಿದರು. ಉಳಿದರ್ಧ ಗಡ್ಡ ನಾನು ತೆಗೆದೆ. ನಾನು ಹರೆಯದವನು, ನಿಂತು ಮಾಡುವುದು ನಾಲ್ಕಾರು ದಿನದಲ್ಲಿ ಕೈಗೆ ಹತ್ತಿತು.

ಒಂದು ಮಧ್ಯಾಹ್ನ ನಾನು ಉಂಡು ಬರುವಷ್ಟರಲ್ಲಿ ಅಪ್ಪ ಬಡಿಗನನ್ನು ಕರೆಸಿ ಕುರ್ಚಿಯ ಕಾಲು ಕೊಯ್ಯಿಸಿಬಿಟ್ಟಿದ್ದ. ಅವ್ವನ ಕಡಗದ ಕುರ್ಚಿ ನೆಲಕ್ಕೆ ಕುಕ್ಕರಿಸಿತ್ತು. ಅಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಖಾಲಿ ಗಾಳಿಯಲ್ಲಿ ಕೈ ಆಡಿಸಿ, "ಈಗ ಬರೋಬ್ಬರಿ ಆತು ನೋಡು," ಎಂದ. ನನ್ನ ಮೈ ಉರಿದುಹೋಯಿತು. ಆದರೆ ಆ ಮುಖದಲ್ಲಿದ್ದ ಸಮಾಧಾನ ಕಂಡು, ಕೊಯ್ದುಬಿದ್ದ ಕಾಲಿನ ತುಂಡುಗಳನ್ನು ಆಯ್ದು ಹೊರಗಿಟ್ಟೆ.

ಪೇಟೆಯವರು ಬರುವುದೇ ಕುರ್ಚಿಯ ಮೇಲೆ ಕೂರಲು. ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. "ನಮ್ಮವ್ವ ರೊಟ್ಟಿ ಬಡಿಯಾಕ ಕುಂದ್ರೋ ಮಣಿ ಇದಕ್ಕಿಂತ ಎತ್ತರ ಐತಿ," ಎಂದು ನಗುತ್ತಾ ಎದ್ದು ಹೋದವರೇ ಹೆಚ್ಚು. ನಾನು ಕಾಲುಗಳ ಕೆಳಗೆ ಇಟ್ಟಂಗಿ ಕೊಟ್ಟೆ. ನನ್ನ ಪಾಳಿ ಬಂದರೆ ಇಟ್ಟಂಗಿ ಇಡುವುದು, ಅಪ್ಪನ ಪಾಳಿ ಬಂದರೆ ತೆಗೆಯುವುದು. ಬರಬರುತ್ತ ತೆಗೆಯುವ ಪ್ರಸಂಗವೇ ಬರದಾಯಿತು. ಅಪ್ಪ ಗಿರಾಕಿಗಳು ಕಾಯುವ ಬಾಕಿನ ಮೇಲೆ ಕೂತು ಬಂದವರ ತಲೆಗಳನ್ನು ನೋಡುತ್ತಿದ್ದ. ದುಡಿಯುವ ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುವುದನ್ನು ನೋಡಿ ನೋಡಿ ನನಗೇ ದಣಿವಾಗುತ್ತಿತ್ತು.

ಆಮೇಲೆ ಒಂದು ದಿನ ನಮ್ಮ ಊರ ಗೌಡರು ಕಚೇರಿಯ ಕೆಲಸಕ್ಕೆಂದು ಕೊಪ್ಪಳಕ್ಕೆ ಬಂದವರು ಅಂಗಡಿಯೊಳಗೆ ಬಂದರು. ಕುರ್ಚಿಯತ್ತ ತಿರುಗಿಯೂ ನೋಡದೆ ನೆಲದ ಮೇಲೆ ಕೂತು ರುಮಾಲು ತೆಗೆದಿಟ್ಟರು. ಅಪ್ಪ ಎದುರಿಗೆ ಕೂತ. ಅವರ ತಲೆ ಮೊಣಕಾಲಿಗೆ ಆನಿದ್ದೇ ತಡ, ಕೈ ನಡುಗುವುದು ನಿಂತುಹೋಯಿತು. ಎಷ್ಟೋ ತಿಂಗಳ ಮೇಲೆ ನಾನು ಆ ಕೈಯನ್ನು ಕಂಡೆ.

"ನಿನ್ನ ತಮ್ಮ ಮನಷ್ಯಾ ಛಲೋ ಅದಾನ, ಆದ್ರ ಕೈ ಒರಟು. ನೀ ಬಾರಲೇ ಊರಿಗೆ," ಎಂದು ಗೌಡರು ಎದ್ದರು. ಹಿಂದೆ ಅಪ್ಪನ ಪಾಲಿನ ಆಯದ ಮನೆಯವರಲ್ಲವೇ, ರೊಕ್ಕ ಕೊಡುವುದು ಅವರಿಗೆ ಹೊಳೆಯಲಿಲ್ಲ. ಅಪ್ಪನಿಗೆ ಕೇಳುವುದೂ ಹೊಳೆಯಲಿಲ್ಲ.

ಮುಂದಿನ ಸೋಮವಾರ ಅಪ್ಪ ನನ್ನನ್ನು ಕರೆದುಕೊಂಡು ಊರಿಗೆ ಹೊರಟ. ಕಾಕಾನ ಮನೆಯ ಪಡಸಾಲೆಯಲ್ಲಿ ಕೂತು, ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಕೊನೆಗೆ ಕೇಳಿದ: "ಎಲ್ಲಾ ಬ್ಯಾಡಪಾ. ಗೌಡ್ರ ಮನಿ ಒಂದ ಬಿಟ್ಟುಕೊಡು. ಆಯದ ಜ್ವಾಳಾ ನೀನ ತಗೋ. ಕೆಲಸ ಅಷ್ಟ ನನಗಿರ್ಲಿ."

ಕಾಕಾ ಅಪ್ಪನ ಕಾಲು ಹಿಡಿದ. "ಅಣ್ಣಾ, ಬೇಕಾದಾಗ ಉಣ್ಣಾಕ ಬಾ. ಸಾಯೋತನಕ ಹಾಕ್ತೀನಿ. ಮನಿ ಅಷ್ಟ ಕೇಳಬ್ಯಾಡ. ಇವತ್ತ ಗೌಡ್ರು ನಿನ್ನ ಕಡಿ ಬಂದ್ರ, ನಾಳೆ ಊರಾಗ ನನ್ನ ಯಾರು ಕರೀತಾರ?" ಎಂದು ಅತ್ತ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ಕೊಪ್ಪಳಕ್ಕೆ ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು?"

"ನಿನ್ನ ನೆಗೆಣ್ಣಿ ಹೋಳಿಗಿ ಮಾಡಿದ್ಲು. ತುಪ್ಪ ಕೈಬಿಟ್ಟ ಹಾಕಿದ್ಲು," ಎಂದ ಅಪ್ಪ. ಅವ್ವ ಕಾಲಿಗೆ ನೀರು ಕೊಟ್ಟಳು.

ಅಪ್ಪ ಆಮೇಲೆ ಕತ್ತಿ ಮುಟ್ಟಲಿಲ್ಲ. ದಿನಾ ಬಂದು ನೀರು ತುಂಬಿಡುತ್ತಿದ್ದ, ಬಿದ್ದ ಕೂದಲು ಗುಡಿಸಿ ಬಳಿಯುತ್ತಿದ್ದ. ಒಮ್ಮೆ ಯಲಬುರ್ಗಿಯ ಕಡೆಯ ಹೊಸ ಗಿರಾಕಿಯೊಬ್ಬ, "ಈ ಮುದುಕಪ್ಪಗ ತಿಂಗಳಿಗೆ ಏನ್ ಕೊಡ್ತೀರಿ?" ಎಂದು ಕೇಳಿದ.

"ಅಂಗಡಿ ಅವರದ ಐತ್ರಿ," ಎಂದೆ.

ಗಿರಾಕಿ ನಕ್ಕ. ಅಪ್ಪ ಬಗ್ಗಿಕೊಂಡು ಅವನ ಕಾಲಬುಡದ ಕೂದಲು ಬಳಿಯುತ್ತಿದ್ದ. "ಕಾಲ ಸ್ವಲ್ಪ ತಗೀರಿ ಸಾವಕಾರ್ರ," ಎಂದ.