ನೀಲವ್ವನ ಯಂತ್ರದ ಜೊತೆ ಬಾಡಗಂಡಿಗೆ

ಮಾರ್ಚ್ ೪, ಮಂಗಳವಾರ, ಬೆಳಿಗ್ಗೆ ೬.೩೫. ಸ್ಥಳ: ಚಿಮ್ಮಡದ ಊರ ಹೊರಗಿನ ತಗಡಿನ ಶೆಡ್ಡು. ಹಾಜರಿದ್ದವರು ನಾಲ್ವರು: ಗೋಧಿ ಕೊಯ್ಯುವ ಯಂತ್ರದ ಒಡತಿ ನೀಲವ್ವ, ಚಾಲಕ ಬಸು, ಸಹಾಯಕ ಇಮಾಮಸಾಬ ಮತ್ತು ನಾನು. ಪಶ್ಚಿಮದಲ್ಲಿ ತೆಳುವಾದ ಮೋಡವಿತ್ತು. ಗಾಳಿ ಇರಲಿಲ್ಲ.

ನೀಲವ್ವ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನನಗಿಂತ ಎಂಟು ವರ್ಷ ಚಿಕ್ಕವಳು. ಓದಿದ್ದು ಏಳನೆಯ ಇಯತ್ತೆ. ನಾನು ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು; ಕೊನೆಯ ಒಂಬತ್ತು ವರ್ಷ ಅಲ್ಲಿನ ಹಿರಿಯ ಸಿಸ್ಟರ್. ಮದುವೆಯಾಗಿ ಬಂದ ಹೊಸತರಲ್ಲಿ ಆಕೆ ನನ್ನ ಇಸ್ತ್ರಿ ಮಾಡಿದ ಬಿಳಿ ಸೀರೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಈಗ ಬನಹಟ್ಟಿಯಿಂದ ಬೀಳಗಿಯ ತನಕ ರೈತರು ಆಕೆಗೆ ಫೋನ್ ಮಾಡಿ ತಮ್ಮ ಪಾಳಿ ಯಾವಾಗ ಎಂದು ಕೇಳುತ್ತಾರೆ. ಆಕೆ ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ನನ್ನನ್ನು ಜಮಖಂಡಿಯ ಬ್ಯಾಂಕಿನ ಸಾಲಿನಲ್ಲಿ ಯಾರೂ ಗುರುತಿಸುವುದಿಲ್ಲ.

ಬಾಡಗಂಡಿಯಲ್ಲಿ ನನಗೆ ತವರಿನ ಪಾಲಿನಿಂದ ಬಂದ ಮೂರು ಎಕರೆ ಇದೆ. ಅಲ್ಲಿನ ಗೋಧಿ ಒಣಗಿ ವಾರವಾಗಿತ್ತು, ಇನ್ನು ತಡ ಮಾಡಿದರೆ ಕಾಳು ಉದುರುವ ಹಂತ. ಆಳುಗಳು ಸಿಗಲಿಲ್ಲ, ಎಲ್ಲರೂ ಕಬ್ಬು ಕಡಿಯಲು ಹೋಗಿದ್ದರು. ಕಡೆಗೆ ನಾನೂ ನೀಲವ್ವನಿಗೆ ಫೋನ್ ಮಾಡಿ ಪಾಳಿ ಕೇಳಬೇಕಾಯಿತು. ಮಂಗಳವಾರ ಮೊದಲು ನನ್ನ ಹೊಲ, ಆಮೇಲೆ ನನ್ನ ಬದುವಿನ ಆಚೆಯ ರೈತನ ಹೊಲ ಎಂದು ಗೊತ್ತು ಮಾಡಿದಳು. ನಾನು ನೇರವಾಗಿ ಬಾಡಗಂಡಿಗೆ ಹೋಗಿ ಕಾಯಬಹುದಿತ್ತು. ಯಂತ್ರ ಹೊರಡುವುದನ್ನೂ ನೋಡುತ್ತೇನೆ ಎಂದು ಹೇಳಿ ಚಿಮ್ಮಡಕ್ಕೆ ಹೋದೆ. ನಿಜ ಹೇಳಬೇಕೆಂದರೆ ತಪ್ಪು ಹುಡುಕಲು ಹೋದೆ.

ಜಮಖಂಡಿಯಿಂದ ೪.೫೦ರ ಬಸ್ಸು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಹುನ್ನೂರ ದಾಟುವಾಗ ಇನ್ನೂ ಕತ್ತಲು. ಬನಹಟ್ಟಿಯಲ್ಲಿ ಇಳಿದು ಆಟೋ ಹಿಡಿದೆ. ಇನ್ನಿಬ್ಬರು ಸಿಗುವ ತನಕ ಅದು ಕದಲಲಿಲ್ಲ. ತಲೆಗೆ ಇಪ್ಪತ್ತೈದು ರೂಪಾಯಿ.

ಶೆಡ್ಡಿನಲ್ಲಿ ನೀಲವ್ವ ಯಂತ್ರದ ಸುತ್ತ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗುತ್ತಿದ್ದಳು. ಕಾಳಿನ ತೊಟ್ಟಿ ಖಾಲಿ ಇದೆಯೇ ಎಂದು ಬಸುವನ್ನು ಮೇಲೆ ಹತ್ತಿಸಿ ನೋಡಿಸಿದಳು. ತುಂಬಿದ ತೊಟ್ಟಿಯ ಯಂತ್ರ ತಿರುವಿನಲ್ಲಿ ಮಗುಚುತ್ತದೆಯಂತೆ. ಮುಂದೆ ಬಾಚಣಿಗೆಯ ಹಾಗೆ ಅಗಲವಾಗಿರುವ ಕೊಯ್ಯುವ ಭಾಗಕ್ಕೆ ಇವರು ಕಟರ್ ಎನ್ನುತ್ತಾರೆ. ಅದನ್ನು ಬಿಚ್ಚಿ, ಎರಡು ಗಾಲಿಯ ಬಂಡಿಯ ಮೇಲೆ ಉದ್ದಕ್ಕೆ ಕಟ್ಟಿ, ಯಂತ್ರದ ಹಿಂದೆ ಜೋಡಿಸಿದ್ದರು. ಹಾಗೇ ಮುಂದಿಟ್ಟುಕೊಂಡು ಹೋದರೆ ಇಡೀ ರಸ್ತೆಗೆ ಅಡ್ಡ. ಏಣಿ ಮಡಚಿತ್ತು. ಹಿಂದೆ ಕೆಂಪು ಬಟ್ಟೆ ಇತ್ತು, ಹೊಳೆಯುವ ಪಟ್ಟಿ ಇತ್ತು. ನನಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಔಷಧದ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಪಿಕಪ್ ಗಾಡಿಯ ಸೀಟಿನ ಕೆಳಗಿಂದ ತೆಗೆದು ಕೊಟ್ಟಳು. ಬ್ಯಾಂಡೇಜಿನ ಮೇಲಿನ ದಿನಾಂಕ ನೋಡಿದೆ. ಅವಧಿ ಮುಗಿದಿರಲಿಲ್ಲ.

ಯಂತ್ರದ ಮೇಲೆ ಚಾಲಕನ ಹೊರತು ಬೇರೆ ಯಾರೂ ಕೂರುವಂತಿಲ್ಲ. ನಾನು ಪಿಕಪ್ಪಿನಲ್ಲಿ ನೀಲವ್ವನ ಪಕ್ಕ ಕೂತೆ. ಗಾಡಿ ಓಡಿಸುವವಳೂ ಆಕೆಯೇ. ನನಗೆ ಸೈಕಲ್ ಕೂಡ ಬರುವುದಿಲ್ಲ. ಇಮಾಮಸಾಬ ಉದ್ದನೆಯ ಒಣ ಬಿದಿರಿನ ಗಳ ಹಿಡಿದು ಹಿಂದೆ ಕೂತ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಹಸಿರು ಟವೆಲ್ಲು. ಸರಿಯಾಗಿ ೬.೫೫ಕ್ಕೆ ನಾವು ಮುಂದೆ, ಯಂತ್ರ ಹಿಂದೆ, ಮುಧೋಳದ ರಸ್ತೆಗೆ ಬಂದೆವು. ಬಾಡಗಂಡಿ ಐವತ್ತು ಕಿಲೋಮೀಟರಿಗೂ ಹೆಚ್ಚು. ಯಂತ್ರದ ಓಟ ಗಂಟೆಗೆ ಇಪ್ಪತ್ತು.

ಎದುರಿಗೆ ಎರಡೆರಡು ಟ್ರೇಲರಿನ ಮೂರು ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬರುತ್ತಿದ್ದವು. ಅವು ಯಾರಿಗೂ ದಾರಿ ಬಿಡುವುದಿಲ್ಲ ಎಂದು ಕೇಳಿದ್ದೆ. ನೀಲವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈ ತೋರಿಸಿದಳು, ಮೂರೂ ಟ್ರ್ಯಾಕ್ಟರು ಬದಿಗೆ ಸರಿದು ನಿಂತವು. ಒಬ್ಬ ಚಾಲಕ ಹಾಡಿನ ಸದ್ದನ್ನೂ ತಗ್ಗಿಸಿದ. ನಾನು ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತ ಕೂತೆ.

ದಾರಿಯಲ್ಲಿ ಎರಡು ಕಡೆ ವಿದ್ಯುತ್ ತಂತಿ ಜೋತುಬಿದ್ದಿತ್ತು. ಎರಡು ಕಡೆಯೂ ದೂರದಲ್ಲೇ ನಿಂತೆವು. ಇಮಾಮಸಾಬನ ಗಳ ಯಂತ್ರದ ನೆತ್ತಿಗಿಂತ ಎರಡು ಮೊಳ ಎತ್ತರ. ಅದನ್ನು ತಂತಿಗೆ ತಾಗಿಸುವುದಿಲ್ಲ. ರಸ್ತೆಯ ಅಂಚಿನಲ್ಲಿ ನೆಟ್ಟಗೆ ಹಿಡಿದು, ನೀಲವ್ವ ದೂರದಿಂದ ಒಂದು ಕಣ್ಣು ಮುಚ್ಚಿ ಅಳೆಯುತ್ತಾಳೆ. ಮೊದಲನೆಯದು ದಾಟಬಹುದು ಎಂದಳು. ಎರಡನೆಯದಕ್ಕೆ ಒಪ್ಪಲಿಲ್ಲ. ಬಸು ಸಿಡಿಮಿಡಿಗೊಂಡ, ಆದರೂ ಒಂದೂವರೆ ಕಿಲೋಮೀಟರು ಹಿಂದೆ ಬಂದು ಬೇರೆ ದಾರಿ ಹಿಡಿದೆವು. ಅರ್ಧ ಗಂಟೆ ಹೋಯಿತು. ನಾನು ಗಡಿಯಾರ ನೋಡಿ ಹಾಗೆಂದು ಹೇಳಿದೆ.

೮.೫೦ಕ್ಕೆ ಮುಧೋಳ. ಊರ ಹೊರಗಿನ ಹೋಟೆಲಿನ ಮುಂದೆ ನಿಂತು ಚುರುಮುರಿಯ ಸುಸಲಾ, ಮಿರ್ಚಿ, ಚಹಾ ತೆಗೆದುಕೊಂಡೆವು. ನಾಲ್ವರಿಗೆ ನೂರಾ ಎಂಬತ್ತು. ಮಿರ್ಚಿ ಬಿಸಿ ಇತ್ತು, ಚಹಾದಲ್ಲಿ ಸಕ್ಕರೆ ಜಾಸ್ತಿ. ಅಲ್ಲಿ ಕೂತಿದ್ದ ಒಬ್ಬ ರೈತ ಯಂತ್ರ ನೋಡಿಯೇ ನೀಲವ್ವನನ್ನು ಗುರುತು ಹಿಡಿದು, ನನ್ನ ಕಡೆ ತಿರುಗಿ ಆಕೆಯ ‘ಹತ್ತರ ರೂಲು’ ಗೊತ್ತೇ ಎಂದು ಕೇಳಿದ. ಅವನೇ ವಿವರಿಸಿದ. ಕಟರಿನಲ್ಲಿ ಕಸ ಸಿಕ್ಕಿದರೆ ಎಂಜಿನ್ ಬಂದ್ ಮಾಡಿ ಕೀಲಿ ತೆಗೆದು ನೀಲವ್ವನ ಕೈಗೆ ಕೊಡಬೇಕು. ಅದು ಆಕೆಯ ಸೆರಗಿನ ಗಂಟಿನಲ್ಲಿ ಇರುತ್ತದೆ. ಕಸ ತೆಗೆದವರು ಆಕೆಯ ಮುಂದೆ ಬಂದು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಬೇಕು. ಆಮೇಲೆಯೇ ಕೀಲಿ. ಯಾರ ಹೊಲದಲ್ಲಿ ಈ ರೂಲು ಮುರಿಯಿತೋ ಆ ಹೊಲ ಪಾಳಿಯ ಕೊನೆಗೆ ಹೋಗುತ್ತದೆ.

“ಇಂಥಾ ಬುದ್ಧಿ ನಮ್ಮ ಇಂಜಿನಿಯರಗೋಳಿಗೂ ಇಲ್ರಿ,” ಎಂದ.

ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮೊದಲು ಒಳಗಿಟ್ಟ ಬಟ್ಟೆಯ ತುಂಡು, ಕತ್ತರಿ, ಚಿಮುಟ ಎಲ್ಲವನ್ನೂ ಎಣಿಸುತ್ತೇವೆ. ಒಂದು ಕಡಿಮೆಯಾದರೂ ಡಾಕ್ಟರರ ಕೈ ನಿಲ್ಲಿಸುವ ಅಧಿಕಾರ ಸಿಸ್ಟರಿಗೆ ಇದೆ. ಇದನ್ನು ಬಹಳ ವರ್ಷಗಳ ಹಿಂದೆ ಶೇಂಗಾ ಸುಲಿಯುತ್ತ ನಾನೇ ಆಕೆಗೆ ಹೇಳಿದ್ದೆ. ಈಗ ಸೀಮೆಯೆಲ್ಲ ಅದು ನೀಲವ್ವನ ರೂಲು. ನನಗೆ ತಡೆಯಲಾಗಲಿಲ್ಲ, ಆ ರೂಲು ನಮ್ಮ ಆಸ್ಪತ್ರೆಯದು, ಇವಳಿಗೆ ಹೇಳಿಕೊಟ್ಟವಳು ನಾನು ಎಂದು ಆ ರೈತನ ಮುಂದೆ ಹೇಳಿಯೇಬಿಟ್ಟೆ.

ನೀಲವ್ವ ಚಹಾದ ಲೋಟ ಕೆಳಗಿಟ್ಟಳು. “ಖರೇನ ಐತ್ರಿ. ನಮ್ಮ ಅಕ್ಕಾರಿಂದ ಕಲತದ್ದು. ನಂದೇನೂ ಇಲ್ಲ ಅದರಾಗ.”

ಒಂದು ಮಾತೂ ಜಗ್ಗಾಡದೆ ಕೊಟ್ಟುಬಿಟ್ಟಳು. ಕೇಳಿದ್ದು ಸಿಕ್ಕಿತು, ಆದರೆ ಒಳಗಿನ ಉರಿ ಇನ್ನಷ್ಟು ಹೆಚ್ಚಿತು. ಆ ರೈತ ನನಗೆ ನಮಸ್ಕಾರ ಮಾಡಿ ಮತ್ತೆ ಆಕೆಯ ಜೊತೆಗೇ ಮಾತಾಡತೊಡಗಿದ.

ಬೀಳಗಿ ಬಂದಾಗ ಗಂಟೆ ೧೧.೩೦. ಬಿಸಿಲು ಚುರುಕಾಗಿತ್ತು, ಮೋಡ ಕೂಡ ದಪ್ಪವಾಗಿತ್ತು. ಬಾಡಗಂಡಿಯ ಹತ್ತಿರ ಸಕ್ಕರೆ ಕಾರ್ಖಾನೆಗೆ ನಿಂತ ಟ್ರ್ಯಾಕ್ಟರುಗಳ ಸಾಲು ದಾಟಿ, ೧೨.೧೫ಕ್ಕೆ ನನ್ನ ಹೊಲದ ಬದುವಿಗೆ ಬಂದೆವು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗೆ ನೀಲವ್ವ ಕಟ್ಟಿಕೊಂಡು ಬಂದಿದ್ದಳು. ಉಪ್ಪು ಸರಿಯಾಗಿತ್ತು. ಕಟರ್ ಜೋಡಿಸಿ, ಹೊಲವನ್ನು ಒಮ್ಮೆ ನಡೆದು ನೋಡಿ, ಕಲ್ಲು ಹೆಕ್ಕಿ, ೧.೩೦ಕ್ಕೆ ಕೊಯ್ಲು ಶುರುವಾಯಿತು.

ಶುರುಮಾಡುವ ಮೊದಲು ನೀಲವ್ವ ನನ್ನ ಹತ್ತಿರ ಬಂದಳು. ಬದುವಿನ ಆಚೆಯ ಹೊಲದಲ್ಲಿ ಹಳೆಯ ಬಾವಿ ಇದೆಯಂತೆ, ಯಂತ್ರ ಹೋಗುವ ಮೊದಲು ತಾನು ಅಲ್ಲಿ ನಿಂತು ಅದರ ಸುತ್ತ ಗೂಟ ಹೊಡೆಸಬೇಕು ಎಂದಳು. “ಇವತ್ತ ಕೀಲಿ ನಿಮ್ಮ ಕಡೆ ಇರಲಿ ಅಕ್ಕಾರ. ರೂಲು ನಿಮ್ದ ಅಲ್ಲೇನ್ರಿ.” ಅದರಲ್ಲಿ ಕುಹಕವಿರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ.

ಯಂತ್ರ ಅರ್ಧ ಹೊಲ ಮುಗಿಸಿತು. ಕಾಳನ್ನು ಹೊಲದ ಮೂಲೆಯಲ್ಲಿ ರಾಶಿ ಸುರಿಯಿತು. ಒಳ್ಳೆಯ ಬೆಳೆ. ೩.೨೦ರ ಸುಮಾರಿಗೆ ಹೊಲದ ಅಂಚಿನ ಕಾಲುವೆಯ ಪಕ್ಕದಲ್ಲಿ ಹಸಿ ಬಳ್ಳಿ ಕಟರಿಗೆ ಸುತ್ತಿಕೊಂಡು ಯಂತ್ರ ನಿಂತಿತು. ಬಸು ಎಂಜಿನ್ ಬಂದ್ ಮಾಡಿ, ಕೀಲಿ ತಂದು ನನ್ನ ಕೈಗೆ ಕೊಟ್ಟ. ನಾನೂ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಬಸು, ಇಮಾಮಸಾಬ ಇಬ್ಬರೂ ಬಳ್ಳಿ ಕೊಯ್ದು ಎಳೆಯತೊಡಗಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಕೃಷ್ಣೆಯ ಕಡೆಯಿಂದ ಕಪ್ಪು ಮೋಡ ಏರಿತು. ಇನ್ನೂ ಒಂದೂವರೆ ಎಕರೆ ನಿಂತಿತ್ತು. ನಾನು ಮೋಡವನ್ನು ನೋಡಿದೆ, ಗೋಧಿಯನ್ನು ನೋಡಿದೆ, ಮತ್ತೆ ಮೋಡವನ್ನು ನೋಡಿದೆ.

ಬಸು ಓಡಿ ಬಂದು ಎರಡೂ ಕೈ ಎತ್ತಿದ. “ಆತ್ರಿ ಬಾಯಾರ. ಕೀಲಿ ಕೊಡ್ರಿ ಲಗೂನ, ಮಳಿ ಬರಾಕತ್ತೇತಿ.”

ಬೆರಳು ಎಣಿಸಿದೆ. ಗಂಟು ಬಿಚ್ಚಿ ಕೀಲಿ ಕೊಟ್ಟೆ.

ಅವನು ಮೇಲೆ ಹತ್ತಿ ಕೀಲಿ ತಿರುವಿದ್ದಕ್ಕೂ, ಬದುವಿನ ಮೇಲಿಂದ ನೀಲವ್ವನ ಧ್ವನಿ ಬಂದದ್ದಕ್ಕೂ ಸರಿಹೋಯಿತು. ಅಷ್ಟು ದೂರದಿಂದ ಆಕೆ ಕೂಗಿದ್ದು ಒಂದೇ ಮಾತು, ‘ನಿಲ್ಲು’. ಬಸು ತಕ್ಷಣ ಆರಿಸಿದ. ಯಂತ್ರ ಒಂದೇ ಸಲ ಗುಡುಗಿ ನಿಂತಿತು. ಯಂತ್ರದ ಆಚೆಯ ಬದಿಯಿಂದ ಇಮಾಮಸಾಬ ಹೊರಗೆ ಬಂದ. ಬೆಲ್ಟಿನ ಸಂದಿಯಲ್ಲಿ ಸಿಕ್ಕ ಬಳ್ಳಿ ತೆಗೆಯಲು ಅವನು ಆ ಕಡೆ ಹೋಗಿದ್ದನಂತೆ. ಹೆಗಲ ಮೇಲೆ ಟವೆಲ್ಲು ಇರಲಿಲ್ಲ. ಅದರ ಅರ್ಧ ಬೆಲ್ಟಿನೊಳಗೆ ಇತ್ತು. ಅವನು ಯಾರೂ ಕೇಳದೆ ಎರಡೂ ಕೈ ಎತ್ತಿ ತೋರಿಸಿದ. ಹತ್ತೂ ಬೆರಳು ಇದ್ದವು.

ನೀಲವ್ವ ಬದು ಇಳಿದು ಬಂದಳು. ಬೈಯಲಿಲ್ಲ. “ಎಷ್ಟ ಎಣಿಸಿದ್ರಿ ಅಕ್ಕಾರ?” ಎಂದು ಕೇಳಿದಳು.

“ಹತ್ತು.”

“ಮಂದಿ ಇಬ್ಬರು.”

ನನ್ನ ಮೂವತ್ತನಾಲ್ಕು ವರ್ಷದಲ್ಲಿ ಯಾರೂ ನನಗೆ ಎಣಿಕೆ ತಪ್ಪಿದೆ ಎಂದು ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ. ಥಿಯೇಟರಿನಲ್ಲಿ ಮಲಗಿದವರು ನನ್ನವರಾಗಿರಲಿಲ್ಲ, ಇಲ್ಲಿ ಗೋಧಿ ನನ್ನದಾಗಿತ್ತು. ಅಷ್ಟೇ ವ್ಯತ್ಯಾಸ.

ಬದುವಿನ ಆಚೆಯ ರೈತನೂ ಬಂದ. ನನ್ನ ಕಡೆ ಕೈ ಮಾಡಿ, ಇವರು ಮನೆಯ ಹಿರಿಯರು, ವಯಸ್ಸಾದವರು, ಯಾರಿಗೂ ಏನೂ ಆಗಿಲ್ಲ, ತನ್ನ ಹೊಲ ತಡವಾದರೂ ಅಡ್ಡಿಯಿಲ್ಲ, ಇದನ್ನು ಮುಗಿಸಿಬಿಡಿ ಎಂದ. ಬಸು ಕೂಡ ಹಾಗೇ ಅಂದ. ಇಮಾಮಸಾಬನೂ, ಪುಣ್ಯಾತ್ಮ, “ಹೋಗ್ಲಿ ಬಿಡ್ರಿ, ಟಾವೆಲ್ಲ ಹಳೇದು,” ಎಂದ. ನೀಲವ್ವ ನನ್ನ ಮುಖ ನೋಡುತ್ತ ನಿಂತಳು.

ನಾನು ಸುಮ್ಮನಿದ್ದರೆ ಸಾಕಿತ್ತು. ಹಿರಿಯ ನೆಗೆಣ್ಣಿಗೆ ಎದುರಾಡಲಾರದೆ ಆಕೆ ಒಪ್ಪುತ್ತಿದ್ದಳು. ನನ್ನ ಗೋಧಿ ಉಳಿಯುತ್ತಿತ್ತು. ಮರುದಿನದಿಂದ ಸುತ್ತಿನ ಊರುಗಳಲ್ಲಿ ನೀಲವ್ವನ ರೂಲು ಪರರಿಗೆ ಮಾತ್ರ, ಮನೆಯವರಿಗೆ ಇಲ್ಲ ಎಂಬ ಮಾತು ಹುಟ್ಟುತ್ತಿತ್ತು. ಆಕೆ ಬಂದರೆ ಕಟ್ಟೆಯವರು ಏಳುತ್ತಿರಲಿಲ್ಲ. ಹಾಗಾಗಲಿ ಎಂದು ನಾನು ಬಯಸಿದೆ. ಒಂದು ಕ್ಷಣವಲ್ಲ, ಚೆನ್ನಾಗಿ ಒಂದು ನಿಮಿಷ ಬಯಸಿದೆ. ಆಮೇಲೆ ಇಮಾಮಸಾಬನ ಬೆರಳುಗಳು ಕಣ್ಣಿಗೆ ಬಿದ್ದವು. ಟವೆಲ್ಲಿಲ್ಲದ ಹೆಗಲನ್ನು ತಡವುತ್ತಿದ್ದವು.

“ಬಸು, ಮಷೀನ ಆಚೆ ಹೊಲಕ್ಕ ತಗೊಂಡ ಹೋಗು,” ಎಂದೆ. “ನಂದು ಪಾಳಿ ಕಡೀಕ.”

ನೀಲವ್ವ ತಲೆಯಾಡಿಸಿ, ಬಸುವಿನಿಂದ ಕೀಲಿ ತೆಗೆದುಕೊಂಡಳು. ಬಸು ಬೆಲ್ಟಿನಿಂದ ಟವೆಲ್ಲಿನ ಚೂರು ತೆಗೆದ, ಇಬ್ಬರೂ ಆಕೆಯ ಮುಂದೆ ಕೈ ಎತ್ತಿದರು, ಆಕೆ ಇಪ್ಪತ್ತು ಎಣಿಸಿ, ಕೀಲಿ ಕೊಟ್ಟು, ಗೂಟ ಹೊಡೆದ ಬಾವಿಯ ಕಡೆ ನಡೆದಳು. ಯಂತ್ರ ಬದು ದಾಟಿತು. ಆಚೆಯ ಹೊಲ ೬.೧೦ಕ್ಕೆ ಮುಗಿಯಿತು. ನಾನು ಅಷ್ಟು ಹೊತ್ತೂ ನನ್ನ ನಿಂತ ಗೋಧಿಯ ಅಂಚಿನಲ್ಲಿ ಕೂತು, ಮತ್ತೊಬ್ಬರ ಗೋಧಿ ತೊಟ್ಟಿಗೆ ಬೀಳುವ ಸದ್ದು ಕೇಳಿದೆ.

ಮಳೆ ಇನ್ನೂ ಬಂದಿರಲಿಲ್ಲ, ಆದರೆ ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ ಇತ್ತು. ಕೊಯ್ದಷ್ಟು ಕಾಳಿನ ರಾಶಿಗೆ ತಾಡಪಲ್ಲು ಮುಚ್ಚಬೇಕಿತ್ತು. ಗಂಡಸರು ಕಟರ್ ಬಿಚ್ಚುತ್ತಿದ್ದರು. ನೀಲವ್ವ ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ. ನಾಲ್ಕು ಕಡೆ ಕಲ್ಲಿಟ್ಟು ಹಗ್ಗ ಬಿಗಿದೆವು. ಶುಕ್ರವಾರ ನಸುಕಿನಲ್ಲಿ ಬರುತ್ತೇನೆ ಎಂದಳು. ಪಾಳಿ ಇದ್ದರೆ ಬಾ, ಇಲ್ಲದಿದ್ದರೆ ಬೇಡ ಎಂದೆ. ಪಾಳಿ ಇದೆ ಎಂದಳು.

ಆಕೆ ಪಿಕಪ್ಪಿನ ಕಡೆ ಹೋದ ಮೇಲೆ, ಆಕೆ ಹಾಕಿದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಒಂದಾದರೂ ಸಡಿಲವಿರಲಿ ಎಂದುಕೊಂಡೇ ಎಳೆದೆ. ಆರಕ್ಕೆ ಆರೂ ಬಿಗಿಯಾಗಿದ್ದವು. ನನ್ನ ಕಡೆಯವುಗಳಲ್ಲಿ ಒಂದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ೬.೫೦ಕ್ಕೆ ಅದೂ ಮುಗಿಯಿತು.