ಬರಿ ಹಣೆಯ ಉಜ್ಜಿನಮ್ಮ

ಬೆಳಗಿನ ಐದೂ ಕಾಲು. ಡಿ. ಹಿರೇಹಾಳ್ ಮಂಡಲದ ಈ ಊರಿನ ಬೇವಿನ ಕಟ್ಟೆಯ ಬಳಿ ಟೆಂಪೊ ನಿಂತಿದೆ. ಗಡಿ ದಾಟಿ ಬಳ್ಳಾರಿ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಬುತ್ತಿ ಗಂಟು ಹಿಡಿದು ಬರುತ್ತಿದ್ದಾರೆ. ಟೆಂಪೊ ಹತ್ತುವ ಜಾಗದಲ್ಲಿ ಆಶಾ ಕಾರ್ಯಕರ್ತೆ ಉಜ್ಜಿನಮ್ಮ ನಿಂತಿದ್ದಾರೆ. ಕೈಯಲ್ಲಿ ನೀರಿನ ತಂಬಿಗೆ, ಭುಜಕ್ಕೆ ಬಟ್ಟೆ ಚೀಲ. ಹತ್ತುವವರಲ್ಲಿ ಕೆಲವರು ಅಂಗೈ ಚಾಚುತ್ತಾರೆ. ಒಂದು ಗುಳಿಗೆ, ಒಂದು ಗುಟುಕು ನೀರು. ಗರ್ಭ ನಿಲ್ಲದಂತೆ ದಿನಾ ನುಂಗುವ ಗುಳಿಗೆ ಅದು. ನುಂಗಿದ್ದು ಕಂಡ ಮೇಲೆಯೇ ಉಜ್ಜಿನಮ್ಮ ದಾರಿ ಬಿಡುತ್ತಾರೆ.

"ಅಕ್ಕಾ, ನಿನ್ನ ತೀರ್ಥ ಹಂಚೋದು ಮುಗೀತೇನು? ಬಿಸಿಲೇರ್ತೈತಿ," ಎನ್ನುತ್ತಾನೆ ಟೆಂಪೊ ಓಡಿಸುವ ರಾಮಾಂಜಿ.

"ತೀರ್ಥ ಅನಬ್ಯಾಡಪ್ಪ. ಗುಳಿಗಿ ಅನ್ನು." ಅವರು ನಗುವುದಿಲ್ಲ.

ಕೊನೆಗೆ ಬಂದವಳು ಸುಂಕಲಮ್ಮ. ಇಪ್ಪತ್ತಾರರ ಹರೆಯ, ಎರಡು ಮಕ್ಕಳು, ಎರಡೂ ಹೊಟ್ಟೆ ಕೊಯ್ದು ತೆಗೆದವು. "ಇವತ್ತು ಬ್ಯಾಡಕ್ಕ. ರಾತ್ರಿ ಕುಡಿದೀನಿ, ಬಾಯಿ ಇನ್ನಾ ನಾರ್ತೈತಿ."

"ನಾರ್ಲಿ ಬಿಡವ್ವ. ನಾನೇನು ಮುದ್ದು ಕೊಡಾಕ ಬಂದಿಲ್ಲ. ತೆರಿ ಬಾಯಿ."

ಒಳಗಿದ್ದವರು ನಗುತ್ತಾರೆ. ಸುಂಕಲಮ್ಮ ಗುಳಿಗೆ ತೆಗೆದುಕೊಳ್ಳುತ್ತಾಳೆ, ಆದರೆ ನುಂಗುವುದಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹತ್ತಿಬಿಡುತ್ತಾಳೆ. ಟೆಂಪೊ ಹೊರಡುತ್ತದೆ. ಉಜ್ಜಿನಮ್ಮ ಧೂಳು ಇಳಿಯುವವರೆಗೂ ನಿಂತಿರುತ್ತಾರೆ.

ಅವರಿಗೀಗ ನಲವತ್ತೇಳು. ತವರು ರಾಯದುರ್ಗ, ಓದು ಹತ್ತನೇ ತರಗತಿ. ಗಂಡನ ಮನೆಯವರು ಕಿರಾಣಿ ಅಂಗಡಿಯವರು, ಶಿವಭಕ್ತರು. ವಚನ ಹೇಳದೆ ಒಲೆ ಹಚ್ಚದ ಮನೆ. ಹನ್ನೊಂದು ವರ್ಷದಿಂದ ಈ ಕೆಲಸ. ಇನ್ನೂರ ಇಪ್ಪತ್ತಾರು ಮನೆ ಅವರ ಪಾಲಿಗೆ. ಗುಳಿಗೆ ನುಂಗುವವರು ಮೂವತ್ತೊಂದು ಮಂದಿ, ಅವರಲ್ಲಿ ಸಂಜೆ ಕುಡಿಯುವವರು ಒಂಬತ್ತು. ದಿನವಿಡೀ ಬಗ್ಗಿದ ಸೊಂಟ, ಮೆಣಸಿನ ಘಾಟಿಗೆ ಉರಿಯುವ ಕೈ. ಗಡಿಯಾಚೆಯ ಅಂಗಡಿಯಲ್ಲಿ ಒಂದು ಪಾಕೀಟು ಸೆರೆ ಕುಡಿದೇ ಟೆಂಪೊ ಹತ್ತುತ್ತಾರೆ.

"ಮೊದಮೊದಲು ನಾನ ಹೇಳಿದ್ದೆ ನೋಡ್ರಿ, ಸೆರಿ ಕುಡಿದ ಬಾಯಾಗ ಇದನ್ನ ಹಾಕಬ್ಯಾಡ್ರಿ ಅಂತ," ಎನ್ನುತ್ತಾರೆ ಉಜ್ಜಿನಮ್ಮ. "ಸೆರಿ ಬಿಡ್ಲಿ ಅಂತ ಅಂದಿದ್ದು. ಅವರು ಗುಳಿಗಿ ಬಿಟ್ರು."

ಆಗ ಅವರು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಮನೆಮನೆಗೆ ಹೋಗುತ್ತಿದ್ದರು. ಈ ಸೀಮೆಯಲ್ಲಿ ಕುಡಿದ ಬಾಯಿಗೆ ಯಾರೂ ತೀರ್ಥ ಹಾಕಿಕೊಳ್ಳುವುದಿಲ್ಲ. ವಿಭೂತಿ ಹಚ್ಚಿದವರ ಕೈಯಿಂದ ಬಂದ ಗುಳಿಗೆಯನ್ನೂ ಹೆಂಗಸರು ಹಾಗೆಯೇ ಕಂಡರು. ರಾತ್ರಿ ಊಟದ ಮೇಲೆ ನುಂಗಬೇಕಾದದ್ದನ್ನು ಕುಡಿದ ದಿನ ತೆಗೆದು ದೇವರ ಗೂಡಿನಲ್ಲಿಟ್ಟರು.

ಅದು ಉಜ್ಜಿನಮ್ಮನಿಗೆ ಗೊತ್ತಾಗಿದ್ದು ಚಿನ್ನಕ್ಕ ಸತ್ತ ಮೂರನೇ ದಿನ. ಚಿನ್ನಕ್ಕ ಸುಂಕಲಮ್ಮನ ಅಕ್ಕ. ಮೈಯಲ್ಲಿ ರಕ್ತವಿಲ್ಲ, ಇನ್ನೊಂದು ಬಸಿರು ತಡೆಯದು ಎಂದು ಡಾಕ್ಟರು ಹೇಳಿದ್ದರು. ಆದರೂ ಬಸಿರು ನಿಂತಿತು. ನಾಲ್ಕು ವರ್ಷದ ಹಿಂದೆ, ಬಳ್ಳಾರಿಗೆ ಒಯ್ಯುವ ದಾರಿಯಲ್ಲೇ ರಕ್ತಸ್ರಾವವಾಗಿ ಹೋಗಿಬಿಟ್ಟಳು. ಮಾತಾಡಿಸಲು ಹೋದ ಉಜ್ಜಿನಮ್ಮನಿಗೆ ಚಿನ್ನಕ್ಕನ ಅತ್ತೆ ದ್ಯಾಮಮ್ಮ ದೇವರ ಗೂಡು ತೋರಿಸಿದಳು. ದೀಪದ ಪಕ್ಕ, ಹಣತೆಯೊಂದರಲ್ಲಿ ಒಂಬತ್ತು ಬಿಳಿ ಗುಳಿಗೆ.

"'ನೀನು ಕೊಟ್ಟದ್ದು ಅಂತ ಒಂದನ್ನೂ ಚೆಲ್ಲಿಲ್ಲವ್ವ, ಮೈಲಿಗಿ ಮಾಡಿಲ್ಲ' ಅಂದ್ಳು ಆ ಮುದುಕಿ. ನನ್ನ ಬೈದಿದ್ರ ಚೊಲೊ ಇತ್ತು."

ಮರುವಾರದಿಂದ ಅವರು ಗುಳಿಗೆಯನ್ನು ರಾತ್ರಿಯಿಂದ ಬೆಳಗಿಗೆ ಬದಲಿಸಿದರು. ಬೆಳಗಿನ ಬಾಯಿ ಚೊಕ್ಕ ಎಂಬುದು ಹೆಂಗಸರದ್ದೇ ಮಾತು. ತಾವೂ ಬರಿ ಹಣೆಯಲ್ಲಿ ಬರತೊಡಗಿದರು. ಮನೆಗೆ ಮರಳಿದ ಮೇಲೆ ಸ್ನಾನ, ಪೂಜೆ, ವಿಭೂತಿ. "ಮುಂಡೇರಂಗ ಬರಿ ಹಣೀಲೆ ಹೊಸಲು ದಾಟ್ತಿ" ಎಂದು ಅತ್ತೆ ಇಂದಿಗೂ ಗೊಣಗುತ್ತಾರೆ.

"ಸೆರಿ ಕುಡಿದ್ರ ಗುಳಿಗಿ ಬಲ ಹೋಗಂಗಿಲ್ರಿ," ಎಂದು ಅವರು ಮನೆಮನೆಯಲ್ಲಿ ಹೇಳುತ್ತಾರೆ. "ಕುಡಿದು ಮರೀತಾರಲ್ಲ, ಅಲ್ಲಿ ಕೆಡೋದು. ನುಂಗಿ ಮೂರು ತಾಸಿನೊಳಗ ಕಕ್ಕಿದ್ರ ಇನ್ನೊಂದು ನುಂಗಬೇಕು. ಕಾಮಣಿ ಆಗಿ ಕಣ್ಣು ಹಳದಿ ಆದೋರು, ಬಿಪಿ ಇದ್ದೋರು ಡಾಕ್ಟರ್ನ ಕೇಳದ ಮುಟ್ಟಬಾರ್ದು. ಸೆರಿ ಮೈಗೆ ಒಳ್ಳೇದು ಅಂತಲ್ಲ. ಅದು ಬ್ಯಾರೆ ಜಗಳ, ಅದನ್ನ ಬ್ಯಾರೆ ದಿನ ಆಡೋಣು."

ಎಂಟು ಮಂದಿ ಕೇಳಿದ್ದಾರೆ. ಉಳಿದವಳು ಸುಂಕಲಮ್ಮ. ಆಕೆಯ ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ. ಅದು ಏರುವ ತನಕ ಮಕ್ಕಳಾಗದ ಆಪರೇಷನ್ ಇಲ್ಲ, ಬಸಿರೂ ಆಗಕೂಡದು ಎಂದಿದ್ದಾರೆ ಡಾಕ್ಟರು. ಅಕ್ಕನಿಗೆ ಹೇಳಿದ್ದ ಮಾತೇ ಅದು.

ಸಂಜೆ ಆರೂವರೆ. ಉಜ್ಜಿನಮ್ಮ ಸಂಜೆಯ ಪೂಜೆಗೆ ಕೂತಿರುವಾಗಲೇ ಟೆಂಪೊದ ಹಾರ್ನ್ ಕೇಳುತ್ತದೆ. ಪೂಜೆ ಅರ್ಧಕ್ಕೆ ಬಿಟ್ಟು ತಂಬಿಗೆ ಹಿಡಿದು ಕಟ್ಟೆಗೆ ನಡೆಯುತ್ತಾರೆ. ಸುಂಕಲಮ್ಮ ಇಳಿಯುತ್ತಾಳೆ, ಕಾಲು ನಿಲ್ಲುತ್ತಿಲ್ಲ, ವಾಸನೆ ಮಾರುದೂರಕ್ಕೆ ಬರುತ್ತದೆ. ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ತೋರಿಸುತ್ತಾಳೆ. ಗುಳಿಗೆ ಬೆವರಿಗೆ ಮೆತ್ತಗಾಗಿದೆ, ಅಲ್ಲೇ ಇದೆ. ಉಜ್ಜಿನಮ್ಮ ಚೀಲದಿಂದ ಇನ್ನೊಂದು ತೆಗೆಯುತ್ತಾರೆ.

"ಹದಿಮೂರು ತಾಸು ತಡ ಆತು, ನಡೀತೈತಿ. ನುಂಗು."

ಆಕೆ ತಲೆ ಎತ್ತಿ ಉಜ್ಜಿನಮ್ಮನ ಮುಖ ನೋಡುತ್ತಾಳೆ. ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. "ಇಬತ್ತಿ ಐತಲ್ಲಕ್ಕ. ಹೆಂಗ ತಗೊಳ್ಳಲಿ?"

ಅವಸರದಲ್ಲಿ ಹಣೆಯ ವಿಭೂತಿ ಹಾಗೇ ಉಳಿದಿದೆ. ಉಜ್ಜಿನಮ್ಮ ಸೆರಗಿನ ಅಂಚಿನಿಂದ ಮೂರು ಬೆರಳ ಗೆರೆಯನ್ನು ಎಡದಿಂದ ಬಲಕ್ಕೆ ಒರೆಸಿಕೊಳ್ಳುತ್ತಾರೆ. ಸುಂಕಲಮ್ಮ ಬಾಯಿ ತೆರೆಯುತ್ತಾಳೆ. ಗುಳಿಗೆ, ಗುಟುಕು ನೀರು. ಕಕ್ಕಿಬಿಟ್ಟಾಳೆಂದು ಅವರು ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ, ಬೆನ್ನಿಗೆ ಕೈಯಿಟ್ಟು ಪಕ್ಕದಲ್ಲೇ ಕೂರುತ್ತಾರೆ. ಮೂರು ತಾಸು ಕಾಯಬೇಕು.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೆರಗಿನ ಅಂಚು ನೋಡಿಕೊಳ್ಳುತ್ತಾರೆ. ಅಲ್ಲಿ ಬೂದಿ ಹತ್ತಿದೆ.

"ಇದನ್ನ ಒರೆಸದಂಗ ಒಂದಿನ ಈಕಿಗೆ ಗುಳಿಗಿ ಕೊಡಬೇಕ್ರಿ. ಅಷ್ಟಾದ್ರ ಸಾಕು."