ಅಂದ, ಅಂದ್ರು

ಕೋರ್ಟೆಂದರೆ ಆಂಜನಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಗ್ಗದಾಸಪುರದಿಂದ ಹೊರಟು ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಬಂದರೆ ಒಂದು ದಿನ ಜಡ್ಜರಿಗೆ ರಜೆ, ಇನ್ನೊಂದು ದಿನ ಎದುರು ವಕೀಲನಿಗೆ ಹೊಟ್ಟೆನೋವು. ತೊಂಬತ್ತೆಂಟರಲ್ಲಿ ಹಾಕಿದ ದಾವೆ ಎರಡು ಸಾವಿರದ ಮೂರು ಬಂದರೂ ಇದ್ದಲ್ಲೇ ಇತ್ತು. ಅವಳಿಗೆ ಬೇಕಾಗಿದ್ದುದು ಒಂದೇ: ಗಂಡ ಮುನಿಆಂಜನಪ್ಪ ತನ್ನ ಹುಂಬತನದಿಂದ ಸಾಯಲಿಲ್ಲ ಎಂದು ಕೋರ್ಟು ಹೇಳಬೇಕು.

ಸ್ವಂತ ಹೊಲ ಸೈಟುಗಳಾದ ಮೇಲೆ ಅವನು ಅದೇ ಸೈಟುಗಳಲ್ಲಿ ಪಾಯ ತೋಡುತ್ತಿದ್ದ. ಪಂಚಾಕ್ಷರಯ್ಯನವರ ಮನೆಗೆ ತೋಡುವಾಗ, ಮಳೆಗೆ ನೆನೆದಿದ್ದ ಪಕ್ಕದ ಗೋಡೆ ಅವನ ಮೇಲೆ ಕುಸಿಯಿತು. ಬೇಡವೆಂದರೂ ಅವನೇ ಇಳಿದ ಎಂದರು ಪಂಚಾಕ್ಷರಯ್ಯ. ಆಸ್ಪತ್ರೆಯಲ್ಲಿ ಉಸಿರು ನಿಲ್ಲುವ ಮುಂಚೆ ಅವನು ಹೆಂಡತಿಗೆ ಹೇಳಿದ್ದೇ ಬೇರೆ.

ಸಾಯುವವನ ಮಾತು ಕೊಲೆ ಕೇಸಿಗೆ ಸರಿ, ಪರಿಹಾರದ ದಾವೆಗೆ ಅದು ಬರೀ ಯಾರೋ ಅಂದ ಮಾತು ಎಂದು ಎದುರು ವಕೀಲ ತಗಾದೆ ತೆಗೆದ. ಸಾವಿನ ಕಾರಣವೇ ಪ್ರಶ್ನೆಯಾಗಿರುವಾಗ ನಮ್ಮ ಕಾನೂನು ಸಿವಿಲ್ ಕೋರ್ಟಿಗೂ ಅದನ್ನು ಒಪ್ಪುತ್ತದೆ ಎಂದು ಅವಳ ಕಡೆಯ ವಕೀಲೆ ರುದ್ರಾಣಿ ವಾದಿಸಿದರು. ಈ ಜಗ್ಗಾಟಕ್ಕೇ ವರ್ಷ ಹಿಡಿಯಿತು. ಸತ್ತವರೇ ಎದ್ದು ಬಂದು ಹೇಳಬೇಕಾ ಎಂದು ಆಂಜನಮ್ಮ ಗೊಣಗಿದಳು. ಕೊನೆಗೆ ಜಡ್ಜರು ಒಪ್ಪಿದರು, ಆದರೆ ಅವನ ಮಾತು ಹೇಗಿತ್ತೋ ಹಾಗೇ ಬರಬೇಕು ಎಂದರು. ಆಂಜನಮ್ಮ ಕಟಕಟೆ ಹತ್ತಿದಳು.

"'ಗೋಡೆ ನೆಂದೈತೆ, ಬ್ಯಾಡ ಅಂದೆ. ಏನಾಗಲ್ಲ ಇಳಿ ಅಂದ್ರು.' ಹಂಗಂದ್ರು ಸ್ವಾಮಿ ನಮ್ಮೆಜಮಾನ್ರು."

ಎದುರು ವಕೀಲ ನಕ್ಕ. ಅಂದ್ರು ಅಂದರೆ ಒಬ್ಬರೋ, ಹತ್ತು ಜನವೋ? ಜೊತೆಯ ಕೂಲಿಯವರೇ ಅಂದಿರಬಹುದಲ್ಲ?

ಆಂಜನಮ್ಮನಿಗೆ ತನ್ನ ತಪ್ಪು ಹೊಳೆಯಿತು. ಗಂಡ ಅಂದದ್ದು ಹಾಗಲ್ಲ. ಕೆಲಸ ಕೊಟ್ಟವರನ್ನು ಜನ್ಮದಲ್ಲಿ ಏಕವಚನದಲ್ಲಿ ಕರೆಯದವನು ಅವತ್ತು ಕರೆದಿದ್ದ. ಸಾಯುವಾಗ ಬಾಯಿ ಕೆಟ್ಟಿತ್ತು ಎಂದು ಜನ ಆಡಿಕೊಂಡಾರೆಂದು ಅವಳೇ ಹೆಸರು ನುಂಗಿ ಮರ್ಯಾದೆ ಸೇರಿಸಿದ್ದಳು. ಆ ಹಾಳು ಮರ್ಯಾದೆ ಈಗ ಗಂಡನ ತಲೆಗೇ ತಪ್ಪು ಕಟ್ಟುತ್ತಿತ್ತು. ತನ್ನ ಮೇಲೆಯೇ ಅವಳಿಗೆ ರೇಗಿತು.

ಮುಂದಿನ ಬೆಂಚಿನಲ್ಲಿ ಪಂಚಾಕ್ಷರಯ್ಯ ಕೂತಿದ್ದರು. ಅವಳು ಅವರನ್ನೇ ದಿಟ್ಟಿಸಿದಳು.

"'ಆ ಪಂಚಾಕ್ಷರಯ್ಯ ಮೇಲೆ ನಿಂತ್ಕೊಂಡು ಇಳಿಯೋ ಅಂದ. ಬ್ಯಾಡ ಅಂದ್ರೂ ಕೇಳ್ಲಿಲ್ಲ ಅವ್ನು.' ಹಿಂಗೇ ಅಂದಿದ್ದು."

ಆಗ ಅಂದ್ರು, ಈಗ ಅಂದ, ಯಾವುದು ನಿಜ ಎಂದು ವಕೀಲ ಮೇಲೆ ಬಿದ್ದ.

"ಮೊದ್ಲು ಹೇಳಿದ್ದು ನನ್ ಮರ್ಯಾದೆ ಸ್ವಾಮಿ. ಇದು ಅವ್ರ ಮಾತು."

ಜಡ್ಜರು ಅದನ್ನು ಟೈಪಿಸ್ಟಿನ ಕೈಲಿ ಇಂಗ್ಲಿಷಿನಲ್ಲಿ ಬರೆಸಿದರು. ಏಕವಚನ ಹಾಗೇ ಬಂತಾ ಎಂದು ಆಂಜನಮ್ಮ ರುದ್ರಾಣಿಯವರನ್ನು ಕೇಳಿದಳು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಕಣಮ್ಮ, ಹೆಸರು ಬಂದಿದೆ, ಸಾಕು ಎಂದರು ಅವರು. ಆದರೆ ಪಂಚಾಕ್ಷರಯ್ಯ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಿದ್ದರು. ಅವತ್ತು ಕೋರ್ಟು ಏಳುವವರೆಗೂ ತಲೆ ಎತ್ತಲಿಲ್ಲ.